ಆರುನೂರು ವೋಲ್ಟಿನ ಕಂಡೆನ್ಸರ್

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅಂಗಡಿಯವರು ಕೊಟ್ಟ ಪೊಟ್ಟಣ ಒಂದೋ ಎರಡೋ, ಶನಿವಾರ ನಾನು ಇಗರ್ಜಿಯ ಅಂಗಳ ತಲುಪಿದಾಗ ಹನ್ನೆರಡೂವರೆಯೋ ಒಂದೂವರೆಯೋ, ಮೆರವಣಿಗೆಯ ನಡುವೆ ಮೈಕ್ ಸುಮ್ಮನಾದದ್ದು ನಿಜವೋ ನನ್ನ ಹೆದರಿಕೆಯೋ, ಇವನ್ನೆಲ್ಲ ಆಣೆ ಇಟ್ಟು ಹೇಳಲಾರೆ. ಆ ಕಾಲದ ನನ್ನ ಡೈರಿ ಇದೆ. ಆದರೆ ಇಪ್ಪತ್ತಮೂರು ವರ್ಷದ ಹುಡುಗಿ ತನಗೆ ಹಿತವಾದದ್ದನ್ನಷ್ಟೇ ಬರೆದಿಟ್ಟ ಡೈರಿ ಅದು. ಅದನ್ನೂ ಪೂರ್ತಿ ನಂಬುವ ಹಾಗಿಲ್ಲ. ಮೇಲಾಗಿ ನಮ್ಮ ಮನೆಮಾತು ಕೊಂಕಣಿ. ಅಂದು ಆಡಿದ್ದನ್ನು ಈಗ ಕನ್ನಡದಲ್ಲಿ ಬರೆಯುವಾಗ ಎಷ್ಟು ಅವರ ಮಾತು, ಎಷ್ಟು ನನ್ನದು ಎಂಬುದು ನನಗೇ ಬಗೆಹರಿಯುವುದಿಲ್ಲ.

ಒಂದು ಸಂಗತಿ ಮಾತ್ರ ಖಚಿತ. ಆ ಕಂಡೆನ್ಸರನ್ನು ಆರಿಸಿದವಳು ನಾನು.

ಅಪ್ಪನ ತಮ್ಮನನ್ನು ನಾವು ಬಾಪ್ಪು ಎನ್ನುತ್ತೇವೆ. ನನ್ನ ಬಾಪ್ಪು ನನಗಿಂತ ಹನ್ನೆರಡು ವರ್ಷ ದೊಡ್ಡವರು. ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದವರು ಅದನ್ನು ಬಿಟ್ಟು ಮದುವೆಗೆ, ಹಬ್ಬಕ್ಕೆ ಮೈಕ್ ಸೆಟ್ ಬಾಡಿಗೆಗೆ ಕೊಡುವ ಕೆಲಸ ಹಿಡಿದಿದ್ದರು. ಕುದ್ರೋಳಿಯ ಹತ್ತಿರದ ನಮ್ಮ ಮನೆಯ ಹಿಂದಿನ ಜಗಲಿಯೇ ಅವರ ಕಾರ್ಖಾನೆ. ಅಲ್ಲಿ ಬೆಸುಗೆಯ ರಾಳದ ಹೊಗೆ ಸದಾ ಇರುತ್ತಿತ್ತು. ಅಜ್ಜಿ ಅದಕ್ಕೆ ಮೂಗು ಮುಚ್ಚಿಕೊಂಡು ಹಾದುಹೋಗುತ್ತಿದ್ದಳು.

ವರ್ಷಕ್ಕೊಮ್ಮೆ ಪರಮ ಪ್ರಸಾದದ ಮೆರವಣಿಗೆ ಹೊರಡುವಾಗ ಜೀಪಿನ ಮೇಲೆ ಕಟ್ಟಿದ ಮೈಕಿನಿಂದ ಪಾದ್ರಿಗಳು ಜಪ ಹೇಳಬೇಕು, ರಸ್ತೆಯುದ್ದಕ್ಕೂ ಸಾಲಾಗಿ ನಡೆಯುವ ಜನ ಅದಕ್ಕೆ ಉತ್ತರ ಕೊಡಬೇಕು. ಹಿಂದಿನ ವರ್ಷ ಬಾಪ್ಪುವಿನ ಒಣ ಬ್ಯಾಟರಿಗಳು ಅರ್ಧ ದಾರಿಯಲ್ಲಿ ಪ್ರಾಣ ಬಿಟ್ಟಿದ್ದವು. ಸ್ವರ ನಿಂತ ಮೇಲೆ ಮುಂದಿನವರು ಒಂದು ಜಪದಲ್ಲಿ, ಹಿಂದಿನವರು ಇನ್ನೊಂದರಲ್ಲಿ. ಇಗರ್ಜಿಗೆ ಮರಳುವಾಗ ಎರಡು ಬೇರೆ ಬೇರೆ ಗೀತೆಗಳು ಒಟ್ಟಿಗೆ ಬಾಗಿಲು ಹೊಕ್ಕವು. ಆಮೇಲೆ ತಿಂಗಳುಗಟ್ಟಲೆ, ದಾರಿಯಲ್ಲಿ ಸಿಕ್ಕಿದವರದ್ದೆಲ್ಲ ಒಂದೇ ಕುಶಾಲು: "ಎಂತ ಮಾರಾಯ, ಈ ವರ್ಷ ಎಷ್ಟು ಇಗರ್ಜಿ ಮಾಡ್ತೀ? ಎರಡು ಸಾಕಾ?"

ಬಾಪ್ಪು ನಗುತ್ತಿದ್ದರು. ಆದರೆ ಊರಿನ ಮದುವೆಗಳು ಒಂದೊಂದಾಗಿ ಕೈತಪ್ಪಿದವು. ಇಗರ್ಜಿಯ ಸಮಿತಿಯವರು ಈ ಸಲ ಹಂಪನಕಟ್ಟೆಯ ದೊಡ್ಡ ಅಂಗಡಿಯವರನ್ನೇ ಕರೆಸೋಣ ಎಂದರು. ಪಾದ್ರಿಗಳು ತಡೆದು, "ಇನ್ನೊಂದು ವರ್ಷ ಅವನಿಗೇ ಇರಲಿ, ಇದು ಕಡೆಯದ್ದು" ಎಂದರಂತೆ. ಇತ್ತ ಅಜ್ಜಿ ಬೊಂಬಾಯಿಯಲ್ಲಿದ್ದ ದೊಡ್ಡಪ್ಪನಿಗೆ ಆಗಲೇ ಬರೆಸಿದ್ದಳು. ಅಲ್ಲಿ ಹಡಗಿನ ಡಾಕಿನ ಆಫೀಸಿನಲ್ಲಿ ಒಂದು ಕೆಲಸ ಸಿಗುವ ಹಾಗಿತ್ತು. ಬಾಪ್ಪು ಹಿಂದೊಮ್ಮೆ ಅಲ್ಲಿಗೆ ಹೋಗಿ, ಆರು ತಿಂಗಳಲ್ಲಿ ಅರ್ಧ ದೇಹವಾಗಿ ಮರಳಿದ್ದರು. ಮೆರವಣಿಗೆಯಲ್ಲಿ ಮೈಕ್ ಮತ್ತೆ ನಿಂತರೆ ಬೊಂಬಾಯಿ. ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಆಗ ಅವರು ಸ್ವಂತ ಪವರ್ ಪೆಟ್ಟಿಗೆ ಕಟ್ಟಲು ಕೂತರು. ಜೀಪಿನ ಬ್ಯಾಟರಿಯದ್ದು ಆರೇ ವೋಲ್ಟ್. ಆಂಪ್ಲಿಫಯರಿನ ವಾಲ್ವುಗಳಿಗೆ ಬೇಕಾದದ್ದು ಮುನ್ನೂರು. ಬ್ಯಾಟರಿಯ ಕರೆಂಟು ಒಂದೇ ಸಮ ಹರಿಯುತ್ತದೆ, ಅದನ್ನು ಟ್ರಾನ್ಸ್‌ಫಾರ್ಮರ್ ಏರಿಸಲಾರದು. ಹಾಗಾಗಿ ಅದನ್ನು ಸೆಕೆಂಡಿಗೆ ನೂರು ಸಲ ಕಡಿದು ಕಡಿದು ಕೊಡಬೇಕು. ಆ ಕೆಲಸಕ್ಕೆ ವೈಬ್ರೇಟರ್ ಎಂಬ ಸಾಧನವಿತ್ತು. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಅಲ್ಯುಮಿನಿಯಮ್ ಡಬ್ಬಿ, ಒಳಗೆ ಝೇಂಕರಿಸುವ ಉಕ್ಕಿನ ನಾಲಗೆ. ಬಂದರಿನ ಗುಜರಿಯಲ್ಲಿ ಯಾವುದೋ ಕಾರಿನ ರೇಡಿಯೋದಿಂದ ಬಿಚ್ಚಿದ್ದನ್ನು ಬಾಪ್ಪು ಹುಡುಕಿ ತಂದಿದ್ದರು. ಟ್ರಾನ್ಸ್‌ಫಾರ್ಮರನ್ನು ತಾವೇ ಸುತ್ತಿದರು. ಇನ್ನು ಉಳಿದದ್ದು, ಏರಿದ ಕರೆಂಟಿನ ಗುಂಯ್ ಸದ್ದನ್ನು ಇಳಿಸುವ ಚೋಕು ಎಂಬ ಸುರುಳಿ ಮತ್ತು ಕರೆಂಟನ್ನು ತುಸು ಹಿಡಿದಿಟ್ಟು ಬಿಡುವ ಕಂಡೆನ್ಸರುಗಳು. ಅಲ್ಲಿ ನಾನು ಒಳಗೆ ಬಂದೆ.

ನಾನು ಫಿಸಿಕ್ಸ್ ಬಿಎಸ್ಸಿ ಮುಗಿಸಿ, ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಡೆಮಾನ್‌ಸ್ಟ್ರೇಟರ್ ಆಗಿ ಆರು ತಿಂಗಳಾಗಿತ್ತು. ಮನೆಯಲ್ಲಿ ನನಗೆ ಹೊಸದಾಗಿ ಗೌರವ ಬಂದಿತ್ತು. ಬಂದ ಗೌರವಕ್ಕೆ ತಕ್ಕ ಕೆಲಸ ಇನ್ನೂ ಬಂದಿರಲಿಲ್ಲ.

ಬಾಪ್ಪುವಿನ ಬಳಿ ಮೂರು ಚೋಕುಗಳಿದ್ದವು, ಮೂರೂ ಹಳೆಯ ರೇಡಿಯೋಗಳಿಂದ ಬಿಚ್ಚಿದವು. ನಾನು ಅವನ್ನು ಕೈಚೀಲದಲ್ಲಿ ಕಾಲೇಜಿಗೆ ಒಯ್ದು, ಲ್ಯಾಬಿನಲ್ಲಿ ಅಳೆದು, ಯಾವುದರ ಇಂಡಕ್ಟೆನ್ಸ್, ಅಂದರೆ ಕರೆಂಟಿನ ಏರಿಳಿತ ತಡೆಯುವ ಗುಣ, ಎಷ್ಟು ಎಂದು ಬರೆದು ತಂದೆ. ಅತಿ ಹೆಚ್ಚು ಇದ್ದದ್ದೇ ಉತ್ತಮವೆಂದು ನನ್ನ ತೀರ್ಪು. ಬಾಪ್ಪು ಅದನ್ನು ಜೋಡಿಸಿ, ಕಾಲು ಗಂಟೆ ಓಡಿಸಿ, ಸ್ವಿಚ್ ಆರಿಸಿ ಅಂಗೈಯಲ್ಲಿ ಹಿಡಿದರು.

"ನೋಡು, ಇದಕ್ಕೆ ಜ್ವರ ಬಂದಿದೆ."

ಮುಟ್ಟಿ ನೋಡಿದೆ. ಸುಡುತ್ತಿತ್ತು. ತಲೆಗೂದಲಿನಂಥ ತಂತಿ ಸುತ್ತಿದ ಚೋಕು ಅದು. ನಮ್ಮ ಆಂಪ್ಲಿಫಯರ್ ಎಳೆಯುವ ಕರೆಂಟು ಅದಕ್ಕೆ ಹೆಚ್ಚಾಗಿತ್ತು. ಉಳಿದೆರಡನ್ನೂ ಅವರು ಹೀಗೆಯೇ ಓಡಿಸಿ, ಹಿಡಿದು ನೋಡಿ, ನಡುವಿನದ್ದನ್ನು ಆರಿಸಿದರು. ಅದಕ್ಕೆ ಎಷ್ಟು ಕಂಡೆನ್ಸರ್ ಜೋಡಿಸಿದರೆ ಸದ್ದು ಎಷ್ಟು ಇಳಿಯುತ್ತದೆಂದು ನಾನು ಲೆಕ್ಕ ಹಾಕಿ ಕೊಟ್ಟೆ. ಹಾಗೆಯೇ ಜೋಡಿಸಿದಾಗ ಸ್ಪೀಕರಿನ ಗುಂಯ್‌ಗುಡುವಿಕೆ ನಾನು ಹೇಳಿದಷ್ಟೇ ಉಳಿಯಿತು. ಬಾಪ್ಪು ನನ್ನ ಕಾಗದವನ್ನು ಎರಡು ಸಲ ತಿರುಗಿಸಿ ನೋಡಿ, ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ಆ ಕಿಸೆ ನನ್ನ ತಲೆ ಕೆಡಿಸಿತು ಎಂದು ಈಗ ಅನಿಸುತ್ತದೆ. ಬಿಸಿ ಚೋಕಿನಿಂದ ನಾನು ಕಲಿಯಬೇಕಾದದ್ದು ಬೇರೆಯೇ ಇತ್ತು.

ಇನ್ನೊಂದು ಕಂಡೆನ್ಸರ್ ಬಾಕಿ ಉಳಿದಿತ್ತು. ಟ್ರಾನ್ಸ್‌ಫಾರ್ಮರಿನ ಎರಡು ತುದಿಗಳ ನಡುವೆ ಕೂರುವ ಸಣ್ಣದು. ಬಫರ್ ಎನ್ನುತ್ತಿದ್ದರು. ಅದರ ಅಳತೆ ತಪ್ಪಿದರೆ ವೈಬ್ರೇಟರಿನ ನಾಲಗೆ ಕಿಡಿ ಹಾರಿಸಿ ಬೇಗ ಸವೆಯುತ್ತದೆ ಎಂದು ನಾನು ಓದಿದ್ದೆ. ಅದಕ್ಕಾಗಿ ಮೂರು ಪುಟ ಲೆಕ್ಕ ಮಾಡಿ, ಮೈಕ್ರೋಫ್ಯಾರಡಿನ ನೂರನೇ ಒಂದು ಭಾಗಕ್ಕಿಂತ ತುಸು ಕಡಿಮೆ ಎಂಬ ಉತ್ತರ ಪಡೆದೆ. ನಾವಿಬ್ಬರೂ ಬಸ್ಸಿನಲ್ಲಿ ಹಂಪನಕಟ್ಟೆಗೆ ಹೋದೆವು. ರೇಡಿಯೋ ಸಾಮಾನಿನ ಅಂಗಡಿಯವರು ಡ್ರಾಯರ್ ಕೆದಕಿ ಎರಡನ್ನು ಮೇಜಿನ ಮೇಲಿಟ್ಟರು.

"ಇದು ಹೊಸ ಮಾಲು. ನೀವು ಹೇಳಿದ ನಂಬ್ರವೇ ಉಂಟು. ಆರುನೂರು ವೋಲ್ಟ್ ತಡೀತದೆ. ಇದು ಮಿಲಿಟರಿಯದ್ದು, ಎರಡು ಸಾವಿರ ವೋಲ್ಟ್. ಆದ್ರೆ ನಂಬ್ರ ಸ್ವಲ್ಪ ಆಚೆ ಈಚೆ."

ಬಾಪ್ಪು ಮಿಲಿಟರಿಯದ್ದನ್ನು ಕೈಯಲ್ಲಿ ತೂಗಿದರು. ಕಂದು ಬಣ್ಣದ ದಪ್ಪ ಉರುಟು, ಮೇಲೆ ಬರೆದದ್ದು ಅರ್ಧ ಅಳಿಸಿತ್ತು. "ಇದು ಒಳ್ಳೆ ತೂಕ ಉಂಟು ಮಾರಾಯ್ತಿ."

"ತೂಕ ನೋಡಿ ತಗೊಳ್ಳಲಿಕ್ಕೆ ಇದೆಂತ ಬಂಗುಡೆ ಮೀನಾ ಬಾಪ್ಪು?"

ಅಂಗಡಿಯವರು ಜೋರಾಗಿ ನಕ್ಕರು. ಆ ನಗು ನನಗೆ ಇನ್ನಷ್ಟು ಧೈರ್ಯ ಕೊಟ್ಟಿತು. "ಮುನ್ನೂರು ವೋಲ್ಟ್ ಬರುವಲ್ಲಿಗೆ ಆರುನೂರು ಸಾಕು. ಎರಡರಷ್ಟು ಆಯ್ತಲ್ಲ? ನಂಬ್ರ ಸರಿ ಇರ್ಬೇಕು, ಅದು ಮುಖ್ಯ."

ಬಾಪ್ಪು ಸ್ವಲ್ಪ ಹೊತ್ತು ಕೈಯಲ್ಲಿದ್ದದ್ದನ್ನೇ ನೋಡಿದರು. "ಬಿಎಸ್ಸಿಯವರು ಹೇಳಿದ ಮೇಲೆ ಮುಗೀತು. ಅವಳು ಹೇಳಿದ್ದನ್ನೇ ಕಟ್ಟಿ ಕೊಡಿ."

ಮಿಲಿಟರಿಯದ್ದು ಡ್ರಾಯರಿಗೆ ಮರಳಿತೋ, ಬಾಪ್ಪು ಅದನ್ನೂ ತೆಗೆದುಕೊಂಡರೋ ನಾನು ನೋಡಲಿಲ್ಲ. ಗೆದ್ದವಳ ಹಾಗೆ ಮೆಟ್ಟಿಲ ಮೇಲೆ ನಿಂತು, ತಿರುಗಿ ಹೊರಡುತ್ತಿದ್ದ ಬಸ್ಸುಗಳನ್ನು ನೋಡುತ್ತಿದ್ದೆ.

ಗುರುವಾರ, ನಾನು ಕಾಲೇಜಿನಲ್ಲಿದ್ದಾಗ, ಬಾಪ್ಪು ಬೆಸುಗೆ ಮುಗಿಸಿ, ಟ್ರಾನ್ಸ್‌ಫಾರ್ಮರೂ ಕಂಡೆನ್ಸರೂ ಇದ್ದ ಭಾಗವನ್ನೆಲ್ಲ ಒಂದು ತಗಡಿನ ಡಬ್ಬಿಯಲ್ಲಿಟ್ಟು ಮೇಣ ಹೊಯ್ದು ಮುಚ್ಚಿದ್ದರು. ಕಡಲ ಗಾಳಿಯ ಉಪ್ಪು ಮತ್ತು ತೇವ ಸುರುಳಿಗಳನ್ನು ತಿಂದುಹಾಕುತ್ತದೆಂದು ಅವರು ಯಾವಾಗಲೂ ಹೀಗೆ ಮಾಡುತ್ತಿದ್ದರು. ಮೇಣ ಎಂದರೆ ಇಗರ್ಜಿಯಲ್ಲಿ ಉರಿದು ಉಳಿದ ಬತ್ತಿಗಳ ತುಂಡುಗಳು. ಕಪ್ಯಾರನನ್ನು, ಅಂದರೆ ಇಗರ್ಜಿಯ ಗಂಟೆ ಹೊಡೆಯುವವನನ್ನು, ಕೇಳಿ ಚೀಲದಲ್ಲಿ ತರುತ್ತಿದ್ದರು. ನಾನು ಮನೆಗೆ ಬಂದಾಗ ಅಜ್ಜಿ ಅದಕ್ಕೇ ಜಗಳ ತೆಗೆದಿದ್ದಳು.

"ಮಂತ್ರಿಸಿದ ಮೇಣವನ್ನು ಕರೆಂಟಿಗೆ ತಿನ್ನಿಸ್ತೀಯಲ್ಲ, ನಿನಗೆ ಎಂತ ಹಿಡಿದದ್ದು?"

"ಅಮ್ಮಾ, ಹೋದ ವರ್ಷ ಆಶೀರ್ವಾದವೇ ಕಮ್ಮಿಯಾದದ್ದು. ಈ ವರ್ಷ ತುಂಬ ಹಾಕಿದ್ದೇನೆ."

ಅವರಿಬ್ಬರ ನಡುವೆ ನಾನು ಡಬ್ಬಿಯ ಬಿಳಿ ಮೇಲ್ಮೈಯನ್ನು ಮುಟ್ಟಿ ನೋಡಿದೆ. ಗಟ್ಟಿಯಾಗಿತ್ತು. ಒಳಗಿದ್ದದ್ದನ್ನು ನಾನು ಕಾಣಲಿಲ್ಲ, ಕಾಣಬೇಕೆಂದು ಅನಿಸಲೂ ಇಲ್ಲ.

ಶನಿವಾರ ಬೆಳಿಗ್ಗೆ ಪಿಯುಸಿಯ ಹುಡುಗಿಯರಿಗೆ ಇಂಡಕ್ಷನ್ ಕಾಯಿಲ್ ತೋರಿಸುವ ಪಾಠವಿತ್ತು. ಆರು ವೋಲ್ಟಿನ ಬ್ಯಾಟರಿ, ಎರಡು ಸುರುಳಿ, ಕರೆಂಟನ್ನು ಕಡಿದು ಕೂಡಿಸುವ ಒಂದು ಕಂಪಿಸುವ ಪಟ್ಟಿ. ಸ್ವಿಚ್ ಒತ್ತಿದರೆ ಎರಡು ಗುಂಡುಗಳ ನಡುವೆ ಬೆರಳುದ್ದದ ನೀಲಿ ಕಿಡಿ ಚಟಚಟ ಹಾರುತ್ತದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು:

"ಮಿಸ್, ಆರೇ ವೋಲ್ಟಿನಿಂದ ಇಷ್ಟು ದೊಡ್ಡ ಕಿಡಿ ಹೇಗೆ ಬರೋದು?"

ಉತ್ತರ ನನಗೆ ಬಾಯಿಪಾಠ. ಸುರುಳಿಯಲ್ಲಿ ಹರಿಯುವ ಕರೆಂಟನ್ನು ಥಟ್ಟನೆ ಕಡಿದರೆ ಆ ಕ್ಷಣದಲ್ಲಿ ವೋಲ್ಟೇಜು ಹಲವು ಪಟ್ಟು ಮೇಲೆ ಜಿಗಿಯುತ್ತದೆ. ಹೇಳುತ್ತಾ ಹೇಳುತ್ತಾ ನನ್ನ ಮಾತು ನಿಂತಿತು. ಕೈಯಲ್ಲಿದ್ದ ಸೀಮೆಸುಣ್ಣ ಕೆಳಗೆ ಬಿದ್ದದ್ದು ನೆನಪಿದೆ, ಅಥವಾ ಅದು ಬೀಳಬೇಕಿತ್ತೆಂದು ನಾನು ಆಮೇಲೆ ಸೇರಿಸಿಕೊಂಡದ್ದೋ. ಬಾಪ್ಪುವಿನ ಪೆಟ್ಟಿಗೆ ಬೇರೇನೂ ಅಲ್ಲ, ಇದೇ. ಸೆಕೆಂಡಿಗೆ ನೂರು ಸಲ ಆ ಸುರುಳಿ ಹೀಗೆ ಒದೆಯುತ್ತದೆ. ಒದೆತವನ್ನೆಲ್ಲ ತಡೆಯಬೇಕಾದದ್ದು ಆ ಸಣ್ಣ ಕಂಡೆನ್ಸರ್. ಅಷ್ಟೇ ಅಲ್ಲ, ಅದು ಕೂತದ್ದು ಟ್ರಾನ್ಸ್‌ಫಾರ್ಮರಿನ ಎರಡೂ ತುದಿಗಳ ನಡುವೆ. ನಡುವಿನಿಂದ ಆ ಕಡೆಗೆ ಮುನ್ನೂರು, ಈ ಕಡೆಗೆ ಮುನ್ನೂರು. ಒದೆತ ಇಲ್ಲದೆಯೇ ಆರುನೂರು ಆಗಿಹೋಗುತ್ತಿತ್ತು. ನಾನು ಹೇಳಿದ ಎರಡರಷ್ಟು ಎಂಬ ಭದ್ರತೆ ಎಲ್ಲಿಯೂ ಇರಲಿಲ್ಲ.

ಇದೇ ಪ್ರಶ್ನೆಗೆ ನಾನು ಡಿಗ್ರಿ ಪರೀಕ್ಷೆಯಲ್ಲಿ ಚಿತ್ರ ಸಮೇತ ಉತ್ತರ ಬರೆದವಳು. ನಮ್ಮ ಪುಸ್ತಕಗಳಲ್ಲಿ ಕಂಡೆನ್ಸರಿಗೆ ಇದ್ದದ್ದು ಒಂದೇ ಗುಣ, ಅದು ಎಷ್ಟು ಹಿಡಿಯುತ್ತದೆ ಎನ್ನುವುದು. ಎಷ್ಟು ತಡೆಯುತ್ತದೆ ಎಂದು ಯಾವ ಪರೀಕ್ಷೆಯಲ್ಲೂ ಕೇಳಿರಲಿಲ್ಲ. ಅದನ್ನು ಅಂಗಡಿಯವರು ತಾವಾಗಿ ಹೇಳಿದ್ದರು, ಬಾಪ್ಪು ಕೈಯಲ್ಲಿ ತೂಗಿದ್ದರು, ನಾನು ಬಂಗುಡೆಯ ಮಾತಾಡಿದ್ದೆ.

ಪಾಠ ಮುಗಿಸಿದ್ದು ಹೇಗೋ ತಿಳಿಯದು. ಬಸ್ಸಿಗೆ ಕಾಯದೆ ನಡೆದೇ ಮನೆಗೆ ಬಂದೆ. ಪೆಟ್ಟಿಗೆಯೂ ಬಾಪ್ಪುವೂ ಇಗರ್ಜಿಗೆ ಹೋಗಿದ್ದರು. ಅಲ್ಲಿಗೆ ಓಡಿದೆ. ಅಂಗಳದಲ್ಲಿ ಜೀಪಿನ ಮೇಲೆ ನಿಂತು ಬಾಪ್ಪು ಹಾರ್ನ್ ಸ್ಪೀಕರನ್ನು ಹಗ್ಗದಿಂದ ಕಟ್ಟುತ್ತಿದ್ದರು. ಕೆಳಗೆ ಪಾದ್ರಿಗಳು ನಿಂತಿದ್ದರು.

"ಬಂದಳು ನೋಡಿ ಫಾದರ್! ಪೆಟ್ಟಿಗೆಯ ಲೆಕ್ಕ ಪೂರಾ ಇವಳದ್ದು."

"ಹಾಗಾದ್ರೆ ಈ ವರ್ಷ ಹೆದರಿಕೆ ಇಲ್ಲ" ಎಂದು ಪಾದ್ರಿಗಳು ನಕ್ಕರು. "ಒಂದೇ ಇಗರ್ಜಿ ಸಾಕು ನಮಗೆ."

ಮುಂದಿನದ್ದು ನನ್ನಲ್ಲಿ ಎರಡು ರೀತಿಯಲ್ಲಿದೆ. ಒಂದರಲ್ಲಿ ಪಾದ್ರಿಗಳು ಒಳಗೆ ಹೋಗುವವರೆಗೆ ಕಾದು ನಾನು, "ಬಾಪ್ಪು, ಆ ಕಂಡೆನ್ಸರ್ ಬದಲಿಸಬೇಕಿತ್ತು" ಎನ್ನುತ್ತೇನೆ. ಅವರು ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ, "ಎರಡು ಗಂಟೆ ಓಡಿಸಿ ನೋಡಿದ್ದೇನೆ, ನೀನು ಸುಮ್ಮನೆ ಹೆದರ್ಬೇಡ" ಎನ್ನುತ್ತಾರೆ. ಇನ್ನೊಂದರಲ್ಲಿ ನಾನು ತುಂಬ ಹೊತ್ತು ನಿಂತು, ಕೊನೆಗೆ, "ಊಟಕ್ಕೆ ಬರ್ತೀರಾ ಬಾಪ್ಪು?" ಎಂದಷ್ಟೇ ಕೇಳುತ್ತೇನೆ. ಮೊದಲನೆಯದು ನನಗೆ ಬೇಕಾದದ್ದು. ಎರಡನೆಯದರಲ್ಲಿ ಬಿಸಿಲಿಗೆ ಕಾದ ಜೀಪಿನ ಬಾನೆಟ್ಟಿನ ಮೇಲೆ ನನ್ನ ಅಂಗೈ ಸುಟ್ಟ ನೆನಪೂ ಇದೆ. ಡೈರಿಯಲ್ಲಿ ಆ ದಿನಕ್ಕೆ ಇರುವುದು ಒಂದೇ ಸಾಲು: "ಕಂಡೆನ್ಸರ್ ವಿಷಯ ಬಾಪ್ಪುವಿಗೆ ಹೇಳಬೇಕು." ಹೇಳಿದೆ ಎಂದು ಎಲ್ಲಿಯೂ ಇಲ್ಲ.

ಅಂದೇ ಮಧ್ಯಾಹ್ನದ ಮೇಲೆ ಹೊರಟ ಮೆರವಣಿಗೆಯಲ್ಲಿ ಮೊದಲು ಮಕ್ಕಳು, ಆಮೇಲೆ ಹೆಂಗಸರು, ಅವರ ಬೆನ್ನಿಗೆ ಜೀಪು, ಜೀಪಿನ ಹಿಂದೆ ಗಂಡಸರು. ಹೆಂಗಸರ ಕಡೆಯ ಸಾಲುಗಳಲ್ಲಿ ಒಂದರಲ್ಲಿ ನಾನಿದ್ದೆ. ತಿರುಗಿ ನೋಡುವುದು ಮರ್ಯಾದೆಯಲ್ಲ. ಒಮ್ಮೆ ತಿರುಗಿದ್ದಕ್ಕೆ ಅಮ್ಮ ಸೆರಗಿನ ಅಡಿಯಿಂದ ತೋಳು ಚಿವುಟಿದಳು. "ಮುಂದೆ ನೋಡಿ ನಡಿ. ಜೀಪು ಕಾಣದವಳ ಹಾಗೆ!"

ಹಾಗಾಗಿ ನನಗೆ ಉಳಿದದ್ದು ಕಿವಿ. ಪಾದ್ರಿಗಳು ಒಂದು ನಮಾನ್ ಮರಿಯೆ ಜಪ ಮುಗಿಸಿ ಇನ್ನೊಂದನ್ನು ಎತ್ತುವ ನಡುವಿನ ಸಣ್ಣ ಬಿಡುವಿನಲ್ಲಿ ಸ್ಪೀಕರಿನೊಳಗೆ ವೈಬ್ರೇಟರಿನ ತೆಳ್ಳಗಿನ ಝೇಂಕಾರ ಕೇಳುತ್ತಿತ್ತು. ಅದು ಇದೆಯೆಂದರೆ ಕಂಡೆನ್ಸರ್ ಇನ್ನೂ ಒಡೆದಿಲ್ಲ. ಎಲ್ಲರೂ ಜಪಕ್ಕೆ ಉತ್ತರ ಕೊಡುತ್ತಿದ್ದರು. ನಾನು ತುಟಿ ಆಡಿಸುತ್ತಾ ಬಿಡುವುಗಳನ್ನು ಎಣಿಸುತ್ತಿದ್ದೆ. ಕಂಡೆನ್ಸರ್ ಒಡೆದರೆ ಏನೇನಾಗುತ್ತದೆ ಎಂಬುದು ಮಾತ್ರ ಈಗ ಚೆನ್ನಾಗಿ ಗೊತ್ತಿತ್ತು. ಕರೆಂಟು ನೇರ ಹಾದು, ಟ್ರಾನ್ಸ್‌ಫಾರ್ಮರ್ ಕಾದು, ಡಬ್ಬಿಯ ಮೇಣ ಕರಗಿ ವಾಸನೆ ಬರುತ್ತದೆ. ಆಮೇಲೆ ಮೌನ.

ಸಂಜೆಯಾಗುತ್ತಲೇ ಎಲ್ಲರೂ ಕೈಯಲ್ಲಿದ್ದ ಮೇಣದಬತ್ತಿಗಳನ್ನು ಹೊತ್ತಿಸಿದರು. ಮೇಣದ ವಾಸನೆ ಬಂತು. ಸಾವಿರ ಬತ್ತಿಗಳ ವಾಸನೆಯೂ ಬಾಪ್ಪುವಿನ ಡಬ್ಬಿಯ ವಾಸನೆಯೂ ಒಂದೇ ಮೇಣದ್ದು. ನಾನು ಇಡೀ ದಾರಿ ಮೂಗು ಅರಳಿಸಿ ನಡೆದೆ. ಯಾವುದು ಭಕ್ತಿಯದ್ದು, ಯಾವುದು ನನ್ನ ತಪ್ಪಿನದ್ದು ಎಂದು ತಿಳಿಯಲು ದಾರಿಯೇ ಇರಲಿಲ್ಲ.

ಒಂದು ತಿರುವಿನಲ್ಲಿ ಸ್ವರ ನಿಂತಿತು. ಝೇಂಕಾರವೂ ಇಲ್ಲ. ಅರ್ಧ ಜಪದಷ್ಟು ಹೊತ್ತು. ನನ್ನ ಕೈಯ ಬತ್ತಿಯಿಂದ ಮೇಣ ಬೆರಳಿಗೆ ಇಳಿಯಿತು, ನಾನು ಅಲುಗಾಡಲಿಲ್ಲ. ಮತ್ತೆ ಪಾದ್ರಿಗಳ ದನಿ ಬಂತು, ಬಿಟ್ಟಲ್ಲಿಂದಲೇ. ಆಮೇಲೆ ಅಮ್ಮನನ್ನು ಕೇಳಿದಾಗ, "ಎಲ್ಲಿಯೂ ನಿಲ್ಲಲಿಲ್ಲವಲ್ಲ, ನಿನಗೆಂತ ನಿದ್ದೆಯಾ?" ಎಂದಳು. ಅಮ್ಮನ ಮಾತೇ ಸರಿಯಿರಬಹುದು.

ಇಗರ್ಜಿಯ ಬಾಗಿಲನ್ನು ಒಂದೇ ಗೀತೆ ಹೊಕ್ಕಿತು.

ಅಂಗಳದಲ್ಲಿ ಚಹಾ ಕೊಡುವಾಗ ಸಮಿತಿಯ ಹಿರಿಯರು ಬಾಪ್ಪುವಿನ ಬೆನ್ನು ತಟ್ಟಿದರು. "ಆಯ್ತು ಮಾರಾಯ, ಬರುವ ವರ್ಷವೂ ನೀನೇ." ಬಾಪ್ಪು ಸಿಕ್ಕಿದವರಿಗೆಲ್ಲ ನನ್ನನ್ನು ತೋರಿಸುತ್ತಿದ್ದರು. "ನನ್ನದು ಬರೀ ಬೆಸುಗೆ. ತಲೆ ನಮ್ಮ ಅಣ್ಣನ ಮಗಳದ್ದು." ನಾನು ನಿಂತಲ್ಲೇ ಕುಗ್ಗಿಹೋದೆ. ಜನ ಕರಗಿದ ಮೇಲೆ ಹತ್ತಿರ ಹೋಗಿ, "ಬಾಪ್ಪು, ಯಾವ ಕಂಡೆನ್ಸರ್ ಹಾಕಿದ್ದು ನೀವು?" ಎಂದೆ.

"ಎಂತ, ಈಗ ನನಗೆ ಪರೀಕ್ಷೆಯಾ? ಆ ಕೇಕ್ ತಿನ್ನು, ಮುಗಿದುಹೋಗ್ತದೆ."

ಬೊಂಬಾಯಿಯ ಮಾತು ಅಲ್ಲಿಗೆ ನಿಂತಿತು. ಮದುವೆಗಳು ಮರಳಿ ಬಂದವು. ಪೆಟ್ಟಿಗೆ ಆ ವರ್ಷ ಓಡಿತು, ಅದರ ಮರುವರ್ಷವೂ, ಅದರಾಚೆಯೂ. ಪ್ರತಿ ಸಲ ಅದು ಹೊರಗೆ ಹೋದಾಗ ನಾನು ಬಾಪ್ಪು ಮರಳುವ ತನಕ ಜಗಲಿಯಲ್ಲೇ ಏನಾದರೂ ಓದುತ್ತಾ ಕೂರುತ್ತಿದ್ದೆ. ನಾನು ಆರಿಸಿದ ಕಂಡೆನ್ಸರ್ ಅಷ್ಟು ಕಾಲ ತಡೆದೀತೇ? ಲೆಕ್ಕದ ಪ್ರಕಾರ ತಡೆಯಬಾರದು. ಆದರೆ ಕೆಲವು ಸಾಮಾನು ಮೇಲೆ ಬರೆದದ್ದಕ್ಕಿಂತ ಗಟ್ಟಿಯಾಗಿರುತ್ತವೆ. ಪುಸ್ತಕ ಓದಿದವಳಾಗಿ ನಾನು ಇದಕ್ಕಿಂತ ಹೆಚ್ಚು ಹೇಳಲಾರೆ.

ಹೇಳಬಹುದಾದ ಇನ್ನೊಂದು ವಿಷಯವಿದೆ, ಅದನ್ನು ಗಮನಿಸಲು ನನಗೆ ವರ್ಷಗಳೇ ಬೇಕಾದವು. ಆ ಮೆರವಣಿಗೆಯ ನಂತರ ಬಾಪ್ಪು ನನ್ನ ಹತ್ತಿರ ಒಂದು ಲೆಕ್ಕವನ್ನೂ ಮಾಡಿಸಲಿಲ್ಲ. ಹೊಗಳುವುದನ್ನು ಬಿಡಲಿಲ್ಲ, ಜಗಲಿಗೆ ಕರೆಯುವುದನ್ನೂ ಬಿಡಲಿಲ್ಲ. ಹೊಸ ಚೋಕುಗಳು ಬಂದವು, ಕಂಡೆನ್ಸರುಗಳು ಬಂದವು. ಕಾಗದ ಮಾತ್ರ ನನ್ನ ಕಡೆಗೆ ಬರಲಿಲ್ಲ. ನನಗೆ ಕಾಲೇಜಿನ ಕೆಲಸ ಹೆಚ್ಚಾಯಿತೆಂದು ಅವರು ಸುಮ್ಮನಿದ್ದಿರಬಹುದು. ಹಾಗೆಂದು ನಂಬಲು ತುಂಬ ಪ್ರಯತ್ನಿಸಿದ್ದೇನೆ.

ಅರವತ್ತರ ದಶಕದ ಕೊನೆಗೆ ಟ್ರಾನ್ಸಿಸ್ಟರಿನ ಆಂಪ್ಲಿಫಯರುಗಳು ಬಂದವು. ಅವು ನೇರವಾಗಿ ಬ್ಯಾಟರಿಯಿಂದಲೇ ಓಡುತ್ತಿದ್ದವು, ಪೆಟ್ಟಿಗೆ ಬೇಡವಾಯಿತು. ತೊಕ್ಕೊಟ್ಟಿನವರೊಬ್ಬರು ಕೊಳ್ಳಲು ಬರುವವರಿದ್ದ ದಿನ ಬಾಪ್ಪು ಜಗಲಿಯಲ್ಲಿ ಅದನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸುತ್ತಿದ್ದರು. ನಾವಿಬ್ಬರೇ ಇದ್ದೆವು. ತಗಡಿನ ಡಬ್ಬಿ ನನ್ನ ಕೈಗೆಟಕುವಷ್ಟು ಹತ್ತಿರವಿತ್ತು, ಮೇಣ ಹಳದಿಯಾಗಿತ್ತು.

"ಒಮ್ಮೆ ಬಿಚ್ಚಿ ನೋಡುವನಾ ಬಾಪ್ಪು?"

"ಮಾರಿದ ಮಾಲನ್ನು ಯಾರಾದ್ರೂ ಬಿಚ್ತಾರಾ ಮಾರಾಯ್ತಿ?"

ಆಗ ನಾನು ಕಂಡೆನ್ಸರಿನ ಹೆಸರೆತ್ತದೆ ಬೇರೆಯ ಹಾಗೆ ಕೇಳಿದೆ. ಅವರು ಬಟ್ಟೆಯನ್ನು ಮಡಚಿ, ಒಣಗಿದ ಬದಿಯಿಂದ ಮತ್ತೆ ಒರೆಸಲು ತೊಡಗಿದರು. ಗೇಟಿನಲ್ಲಿ ಕೊಳ್ಳುವವರು ಬಂದು ಕರೆದರು. ಬಾಪ್ಪು ಈಗಲೂ ಇದ್ದಾರೆ. ಭಾನುವಾರಗಳಲ್ಲಿ ಭೇಟಿಯಾಗುತ್ತೇವೆ, ಎಲ್ಲದರ ಬಗ್ಗೆ ಮಾತಾಡುತ್ತೇವೆ. ನಾನು ಆ ದಿನ ಕೇಳಿದ್ದಕ್ಕೆ ಮಾತ್ರ ಉತ್ತರ ಇನ್ನೂ ಬಂದಿಲ್ಲ. ಕೇಳಿದ್ದು ಇಷ್ಟೇ:

"ಬಾಪ್ಪು, ನನ್ನ ಲೆಕ್ಕ ತಪ್ಪು ಅಂತ ನಿಮಗೆ ಅಂಗಡಿಯಲ್ಲೇ ಗೊತ್ತಿತ್ತಾ?"